ವಿಎಲ್‌ಸಿ ಪ್ಲೇಯರ್: ಶ್ರುತಿ ಇಳಿಯದೆ ನಿಧಾನವಾದ ಪದ್ಯ

ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಇದ್ದಾಗ ಇಂಟರ್ನೆಟ್ ಇರುವುದಿಲ್ಲ, ಇಂಟರ್ನೆಟ್ ಬಂದಾಗ ಕರೆಂಟ್ ಹೋಗಿರುತ್ತದೆ. ಶಿರಸಿಯಿಂದ ಹುಲೇಕಲ್ ರಸ್ತೆಯಲ್ಲಿ ಒಳಗೆ ಬಂದವರಿಗೆ ಇದು ಗೊತ್ತು. ಒಂದು ಮರ ಬಿದ್ದರೆ ಸಾಕು, ಕೇಬಲ್ ಸರಿಯಾಗಲು ವಾರ ಬೇಕು. ನೋಡಬೇಕಾದ ವಿಡಿಯೋ ಮನೆಯ ಕಂಪ್ಯೂಟರಿನಲ್ಲೇ ಇರಲಿ ಅಂತ 2021ರಲ್ಲಿ ತೀರ್ಮಾನ ಮಾಡಿದೆ.

ಮೊದಲು ದುಡ್ಡು ಕೊಟ್ಟು ಒಂದು ವಿಡಿಯೋ ಸೇವೆಯ ಚಂದಾ ತೆಗೆದುಕೊಂಡೆ. ಅದರಲ್ಲಿ ಡೌನ್‌ಲೋಡ್ ಬಟನ್ ಇತ್ತು. ಮಾವನಿಗೆ ಬೇಕಾದ ತಾಳಮದ್ದಳೆ (ವೇಷವಿಲ್ಲದೆ ಕೂತು ಹಾಡು, ಮಾತಿನಲ್ಲೇ ನಡೆಸುವ ಯಕ್ಷಗಾನ), ನನಗೆ ಬೇಕಾದ ಪದ್ಯ ಎಲ್ಲ ಇಳಿಸಿಟ್ಟೆ. ಜುಲೈನಲ್ಲಿ ಲೈನ್ ಹೋಯಿತು. ಒಂದು ಸಂಜೆ ಮಾವನನ್ನು ಕುರ್ಚಿ ಮೇಲೆ ಕೂರಿಸಿ ವಿಡಿಯೋ ತೆರೆದರೆ, ಮೊದಲು ಇಂಟರ್ನೆಟ್ ಜೋಡಿಸಿ ಅಂತ ಬಂತು. ಇಂಟರ್ನೆಟ್ ಇರುವುದಿಲ್ಲ ಅಂತಲೇ ಅಲ್ವಾ ಇಳಿಸಿಟ್ಟುಕೊಂಡದ್ದು? ಪೆಟ್ಟಿಗೆ ನಮ್ಮನೆಯಲ್ಲಿ, ಕೀಲಿ ಅವರ ಹತ್ತಿರ. ಆ ವರ್ಷದ ಚಂದಾ ಮುಗಿದ ಮೇಲೆ ಮತ್ತೆ ಕಟ್ಟಲಿಲ್ಲ.

ಅದೇ ಹೊತ್ತಿಗೆ ನಾನು ಭಾಗವತಿಕೆ, ಅಂದರೆ ಯಕ್ಷಗಾನದ ಪದ್ಯ ಹಾಡುವುದನ್ನು, ಕಲಿಯಲು ಸೇರಿದ್ದೆ. ನಮ್ಮದು ಹೆಂಗಸರ ತಾಳಮದ್ದಳೆ ಕೂಟ. ಗುರುಗಳು ತಾವು ಹಾಡಿದ್ದನ್ನು ವಿಡಿಯೋ ಮಾಡಿ ಆನ್‌ಲೈನ್ ಡ್ರೈವ್‌ನಲ್ಲಿ ಹಾಕಿ ಲಿಂಕ್ ಕಳಿಸುತ್ತಾರೆ. ಇದು ಬೀಗ ಇಲ್ಲದ ಫೈಲು. ಒಮ್ಮೆ ಇಳಿಸಿದರೆ ನಮ್ಮದೇ. ಇದನ್ನು ನೋಡಲು ವಿಎಲ್‌ಸಿ ಅನ್ನುವ ವಿಡಿಯೋ ಪ್ಲೇಯರ್ ಹಾಕಿಕೊಂಡೆ. ಅಂದಿನಿಂದ ಬೇರೆ ಪ್ಲೇಯರ್ ಮುಟ್ಟಿಲ್ಲ.

ಅದರ ಗುರುತು ಕಿತ್ತಳೆ ಬಿಳಿ ಪಟ್ಟೆಯ ಟ್ರಾಫಿಕ್ ಕೋನ್. ಶಿರಸಿ–ಕುಮಟಾ ರಸ್ತೆ ಕೆಲಸದಲ್ಲಿ ನೋಡಿದ್ದನ್ನು ಕಂಪ್ಯೂಟರಿನಲ್ಲಿ ಯಾಕೆ ಇಟ್ಟಿದ್ದಾರೆ ಅಂತ ಮಗ ಕೇಳಿದ. ಪ್ಯಾರಿಸ್ ಹತ್ತಿರದ ಒಂದು ಎಂಜಿನಿಯರಿಂಗ್ ಕಾಲೇಜಿನ ಹುಡುಗರು 1996ರಲ್ಲಿ ಶುರು ಮಾಡಿದ ಕೆಲಸ ಇದು. ಅವರ ಕೋಣೆಯಲ್ಲಿ ಇಂಥ ಕೋನ್‌ಗಳ ರಾಶಿಯೇ ಇತ್ತಂತೆ. 2001ರಲ್ಲಿ ಎಲ್ಲರಿಗೂ ಮುಕ್ತವಾಗಿ ಕೊಟ್ಟರು. ಇವತ್ತಿಗೂ ಜಾಹೀರಾತು ಇಲ್ಲ, ದುಡ್ಡೂ ಇಲ್ಲ.

ಈಗ ಮುಖ್ಯ ವಿಷಯ. ಇದನ್ನು ಬರೆಯಲು ಕೂತದ್ದೇ ಇದಕ್ಕಾಗಿ.

ಝಂಪೆ ತಾಳದ ಒಂದು ಪದ್ಯ ನನಗೆ ಎಷ್ಟು ದಿನವಾದರೂ ಹತ್ತುತ್ತಿರಲಿಲ್ಲ. ಗುರುಗಳು ಎರಡನೇ ಸಾಲಿನಲ್ಲಿ ಒಂದು ಕಡೆ ಸ್ವರ ಎಳೆದು, ತಾಳದ ಪೆಟ್ಟಿಗೆ ಸರಿಯಾಗಿ ಇಳಿಯುತ್ತಾರೆ. ಎಲ್ಲಿ ಉಸಿರು ತೆಗೆದುಕೊಂಡರು ಅನ್ನುವುದೇ ಸಿಗುವುದಿಲ್ಲ. ಒಂದು ದಿನ ಕೀಬೋರ್ಡಿನಲ್ಲಿ ಪಿ ಅಕ್ಷರದ ಪಕ್ಕದ ಚೌಕ ಆವರಣದ ಕೀ ಒತ್ತಿದೆ. ವೇಗ 0.9 ಆಯಿತು. ಮತ್ತೆ ಒತ್ತಿದೆ, 0.8. ಹಾಡು ನಿಧಾನವಾಯಿತು, ಆದರೆ ಶ್ರುತಿ ಒಂದು ಕೂದಲೆಳೆಯಷ್ಟೂ ಇಳಿಯಲಿಲ್ಲ. ನನ್ನ ಶ್ರುತಿಪೆಟ್ಟಿಗೆ ಪಕ್ಕದಲ್ಲೇ ಹಾಡುತ್ತಿತ್ತು, ಅದಕ್ಕೆ ಹೊಂದಿಕೊಂಡೇ ಇತ್ತು.

ಟೇಪ್ ರೆಕಾರ್ಡರ್ ಕಾಲದವರಿಗೆ ಇದರ ಬೆಲೆ ಗೊತ್ತಾಗುತ್ತದೆ. ಸೆಲ್ ಮುಗಿಯುತ್ತಾ ಬಂದರೆ ಭಾಗವತರ ದನಿ ದಪ್ಪವಾಗಿ, ಕೆಳಗೆ ಇಳಿದು, ಬೇರೆ ಯಾರೋ ಹಾಡಿದ ಹಾಗೆ ಆಗುತ್ತಿತ್ತು. ವಿಎಲ್‌ಸಿ ಧ್ವನಿಯನ್ನು ಸಣ್ಣ ಸಣ್ಣ ತುಂಡು ಮಾಡಿ, ಒಂದರ ಅಂಚಿನ ಮೇಲೆ ಇನ್ನೊಂದನ್ನು ಸೇರಿಸುತ್ತಾ ಉದ್ದ ಮಾಡುತ್ತದೆ. ಹಾಗಾಗಿ ಹೊತ್ತು ಮಾತ್ರ ಹಿಗ್ಗುತ್ತದೆ, ಸ್ವರ ಇದ್ದಲ್ಲೇ ಇರುತ್ತದೆ. ಹಾಡಿಗೆ 0.7ರವರೆಗೂ ಚೆನ್ನಾಗಿದೆ. ಅದಕ್ಕಿಂತ ಕೆಳಗೆ ಹೋದರೆ ಮದ್ದಳೆಯ ಪೆಟ್ಟು ಎರಡು ಸಲ ಬಿದ್ದ ಹಾಗೆ ಕೇಳುತ್ತದೆ, ತಾಳ ಕಲಿಯುವವರಿಗೆ ಬೇಡ. ಮೊದಲಿನ ವೇಗಕ್ಕೆ ಬರಲು ಸಮ ಚಿಹ್ನೆಯ ಕೀ ಒತ್ತಿದರಾಯಿತು.

ಅದರ ಜೊತೆ ಇನ್ನೊಂದು ಇದೆ. ವ್ಯೂ ಮೆನುವಿನಲ್ಲಿ ಅಡ್ವಾನ್ಸ್‌ಡ್ ಕಂಟ್ರೋಲ್ಸ್ ಹಾಕಿಕೊಳ್ಳಿ. ಎ–ಬಿ ಅನ್ನುವ ಬಟನ್ ಬರುತ್ತದೆ. ಸಾಲು ಶುರುವಾಗುವಲ್ಲಿ ಒಮ್ಮೆ, ಮುಗಿಯುವಲ್ಲಿ ಒಮ್ಮೆ ಒತ್ತಿದರೆ ಅಷ್ಟೇ ಭಾಗ ಮತ್ತೆ ಮತ್ತೆ ಬರುತ್ತದೆ. ನಾನು ಬೆಳಿಗ್ಗೆ ಐದಕ್ಕೆ ಎದ್ದು ಬಚ್ಚಲ ಒಲೆಗೆ ಬೆಂಕಿ ಹಾಕಿ, ನೀರು ಕಾಯುವಷ್ಟು ಹೊತ್ತು ಹೀಗೆ ಒಂದೇ ಸಾಲು ಹಾಡುತ್ತೇನೆ. ಹೊಸ ವಿಡಿಯೋ ಇಳಿಸುವುದೂ ಆಗಲೇ. ಆ ಹೊತ್ತಿಗೆ ನೆಟ್ ಚುರುಕಾಗಿರುತ್ತದೆ. ಉಸಿರು ಎಲ್ಲಿ ಅಂತ ನಾಲ್ಕನೇ ದಿನ ಸಿಕ್ಕಿತು. ಎಳೆದ ಸ್ವರದ ಆಮೇಲೆ ಅಲ್ಲ, ಅದಕ್ಕಿಂತ ಮೊದಲು.

ಸಂಜೆ ಕಂಪ್ಯೂಟರ್ ಮಾವನದು. ಅಡಿಕೆ ಸುಲಿಯುವ ಕಾಲದಲ್ಲಿ ಸ್ಪೀಕರನ್ನು ಜಗಲಿಯ ಕಿಟಕಿಗೆ ತಂದಿಡುತ್ತೇವೆ. ಐದಾರು ಮೆಟ್ಟುಗತ್ತಿಯ ಸದ್ದಿನ ಮೇಲೂ ಅರ್ಥಗಾರಿಕೆ (ಪಾತ್ರಗಳ ಮಾತು) ಕೇಳಬೇಕು. ವಿಎಲ್‌ಸಿಯಲ್ಲಿ ಧ್ವನಿ 125ರವರೆಗೆ ಏರುತ್ತದೆ, ಮಾವನ ಕಿವಿಗೆ ಅದು ಬೇಕು. ರಾತ್ರಿ ನಿಲ್ಲಿಸಿದ ಕಡೆಯಿಂದಲೇ ಮುಂದುವರಿಸಬೇಕಾ ಅಂತ ಮರುದಿನ ಅದೇ ಕೇಳುತ್ತದೆ. "ನಿನ್ನೆ ಎಲ್ಲಿಗೆ ಬಂದಿತ್ತೇ ತಂಗಿ" ಅಂತ ಮಾವ ಕೇಳುವುದೇ ತಪ್ಪಿದೆ. ಕರೆಂಟ್ ಹೋದ ತಕ್ಷಣ, ಯುಪಿಎಸ್ ಕೂಗುತ್ತಿರುವಾಗಲೇ, ಮೊದಲು ವಿಎಲ್‌ಸಿ ಮುಚ್ಚಿ. ಆಗ ಜಾಗ ನೆನಪಿರುತ್ತದೆ.

ಯಾರೋ ಮೊಬೈಲಿನಲ್ಲಿ ತೆಗೆದ ನಮ್ಮೂರ ಯಕ್ಷಗಾನ ಆಟದ ಒಂದು ರೆಕಾರ್ಡಿಂಗ್‌ನಲ್ಲಿ ಚಂಡೆಗೆ ಕೋಲು ಬಿದ್ದ ಮೇಲೆ ಸದ್ದು ಬರುತ್ತಿತ್ತು. ಜೆ ಕೀ ನಾಲ್ಕು ಸಲ ಒತ್ತಿದೆ. ಒಂದೊಂದಕ್ಕೆ 50 ಮಿಲಿಸೆಕೆಂಡ್, ಸದ್ದು ಅಷ್ಟು ಬೇಗ ಬಂತು. ಸದ್ದು ಮೊದಲೇ ಬರುತ್ತಿದ್ದರೆ ಕೆ ಒತ್ತಿ.

ಪೆನ್ ಡ್ರೈವ್ ಬಗ್ಗೆ ಒಂದು ಮಾತು. ಅದೇ ಆಟದ ಫೈಲು 6 ಜಿಬಿ ಇತ್ತು. ಕೂಟದವರಿಗೆ ಕೊಡೋಣ ಅಂದರೆ 32 ಜಿಬಿ ಖಾಲಿ ಡ್ರೈವಿಗೂ ಹೋಗಲಿಲ್ಲ. ಡ್ರೈವ್ ಹಾಳಾಗಿದೆ ಅಂತ ಅಂಗಡಿಗೆ ಒಯ್ಯಬೇಡಿ. ಅದು ಫ್ಯಾಟ್32 ಮಾದರಿಯಲ್ಲಿದ್ದರೆ 4 ಜಿಬಿಗಿಂತ ದೊಡ್ಡ ಒಂದು ಫೈಲು ಹಿಡಿಯುವುದಿಲ್ಲ. ಎಕ್ಸ್‌ಫ್ಯಾಟ್‌ಗೆ ಫಾರ್ಮ್ಯಾಟ್ ಮಾಡಿದರೆ ಹಿಡಿಯುತ್ತದೆ. ಫಾರ್ಮ್ಯಾಟ್ ಮಾಡಿದರೆ ಒಳಗಿದ್ದದ್ದೆಲ್ಲ ಹೋಗುತ್ತದೆ, ಮೊದಲೇ ತೆಗೆದಿಡಿ.

ಯೂಟ್ಯೂಬಿನ ಆಟಗಳನ್ನು ಇಳಿಸುವ ಸಾಫ್ಟ್‌ವೇರ್ ಯಾವುದು ಅಂತ ಕೂಟದಲ್ಲಿ ಜಾಸ್ತಿ ಜನ ಕೇಳುತ್ತಾರೆ. ನಾನು ಅದನ್ನು ಬಳಸುವುದಿಲ್ಲ. ಅನುಮತಿ ಇಲ್ಲದೆ ಇಳಿಸುವುದು ಅವರ ನಿಯಮಕ್ಕೆ ವಿರುದ್ಧ. ಅದಕ್ಕಿಂತ ಹೆಚ್ಚಾಗಿ, ಮೇಳದವರು ತಾವೇ ಹಾಕಿದ ವಿಡಿಯೋವನ್ನು ಅಲ್ಲೇ ನೋಡಿದರೆ ಅವರಿಗೆ ನಾಲ್ಕು ಕಾಸು ಸಿಗಬಹುದು. ಗುರುಗಳು ಕೊಟ್ಟದ್ದು, ನಾವೇ ತೆಗೆದದ್ದು, ಹಾಕಿದವರೇ ಇಳಿಸಿಕೊಳ್ಳಿ ಅಂದದ್ದು, ಇಷ್ಟೇ ನನಗೆ ಸಾಕಷ್ಟಾಗಿದೆ.

ವಿಎಲ್‌ಸಿ ಹಾಕಿಕೊಳ್ಳುವವರು ಅದನ್ನು ಮಾಡುವ ವಿಡಿಯೋಲ್ಯಾನ್‌ನವರ ವೆಬ್‌ಸೈಟಿನಿಂದಲೇ ತೆಗೆದುಕೊಳ್ಳಿ. 2022ರಲ್ಲಿ ಕೆಲವು ತಿಂಗಳು ಅದು ಭಾರತದಲ್ಲಿ ತೆರೆಯುತ್ತಿರಲಿಲ್ಲ, ನವೆಂಬರ್‌ನಲ್ಲಿ ತಡೆ ತೆಗೆದರು. ಆ ಹೊತ್ತಿಗೆ ನನ್ನ ಅಕ್ಕ ಸಿಕ್ಕಿದ ಕಡೆಯಿಂದ ಇಳಿಸಲು ಹೋಗಿದ್ದಳು. ಬೇಡ ಅಂದು ನನ್ನ ಹತ್ತಿರ ಇದ್ದ ಪ್ರತಿಯನ್ನೇ ಕಳಿಸಿದೆ.

ನಮ್ಮ ಕಂಪ್ಯೂಟರ್ ಹಳೆಯದು, 4 ಜಿಬಿ ರ‍್ಯಾಮ್. ಅದರಲ್ಲೂ ಓಡುತ್ತದೆ. ನಾನು ಖರ್ಚು ಮಾಡಿದ್ದು ಒಂದು ಹೊರಗಿನ ಹಾರ್ಡ್ ಡಿಸ್ಕಿಗೆ ಮಾತ್ರ.

ಝಂಪೆಯ ಆ ಪದ್ಯ ಈಗ 0.9ರಲ್ಲಿ ಬಾಯಿಗೆ ಬಂದಿದೆ. ಕೂಟ ಇರುವುದು ದೀಪಾವಳಿ ಕಳೆದು ಎಂಟು ದಿನಕ್ಕೆ.