‘ಲೈವ್’ ಡೇಟಾ ಸೈನ್ಸ್ ಕ್ಲಾಸ್ ಅಂತ 66,000 ಕಟ್ಟೋ ಮುಂಚೆ ಇದನ್ನೊಮ್ಮೆ ಓದಿ

ಮನೇಲಿ ಡಿಗ್ರಿ ಮುಗಿಸಿ ಕೆಲಸ ಹುಡುಕ್ತಿರೋ ಮಕ್ಕಳಿದ್ದರೆ ಅವರಿಗೂ ತೋರಿಸಿ. ನನ್ನ ತಂಗಿ ಸೇರಿದ ಆನ್‌ಲೈನ್ ಕೋರ್ಸಿನ ಕಥೆ ಇದು. ಫೀಸು 66,000, ತಿಂಗಳಿಗೆ 5,500ರಂತೆ 12 ಕಂತು, ‘ನೋ ಕಾಸ್ಟ್ ಇಎಂಐ’, ಅಂದರೆ ಬಡ್ಡಿ ಇಲ್ಲದ ಕಂತು ಅಂದ್ರು. ಅದು ಕೋರ್ಸಿನವರು ಕೊಟ್ಟ ಕಂತಲ್ಲ, ತಂಗಿ ಹೆಸರಲ್ಲಿ ಫೈನಾನ್ಸ್ ಕಂಪನಿ ಕೊಟ್ಟ ಸಾಲ. ಓಟಿಪಿ ಹೇಳಿದ ಮೇಲೆ ದುಡ್ಡು ಸೀದಾ ಕೋರ್ಸಿನವರಿಗೇ ಹೋಯ್ತು. ಸಿಲಬಸ್ ನೋಡಿ ‘ಚೆನ್ನಾಗಿದೆ, ಸೇರು’ ಅಂದವನು ಪೈಥಾನ್ ಪ್ರೋಗ್ರಾಮಿಂಗ್ ಭಾಷೆ ಗೊತ್ತಿರೋ ನಾನೇ. ನಾಚಿಕೆ ಆಗುತ್ತೆ.

ದುಡ್ಡು ಕಟ್ಟಿದ್ದು 3ನೇ ತಾರೀಕು, ಮೊದಲ ಕ್ಲಾಸ್ 12ಕ್ಕೆ. ರೀಫಂಡ್ ಗಡುವು ದುಡ್ಡು ಕಟ್ಟಿದ ದಿನದಿಂದ 7 ದಿನ. ಲೆಕ್ಕ ಹಾಕಿ ನೋಡಿ. ಕ್ಲಾಸ್ ಶುರುವಾಗೋಷ್ಟರಲ್ಲಿ ಗಡುವೇ ಮುಗಿದಿರುತ್ತೆ!

ಐದನೇ ವಾರ ಲೀನಿಯರ್ ರಿಗ್ರೆಷನ್ ಪಾಠ, ಅಂದರೆ ಹಳೇ ಅಂಕಿ ನೋಡಿ ಬೆಲೆಯಂಥದ್ದನ್ನ ಅಂದಾಜು ಮಾಡೋದು. ಸರ್ ಸ್ಕ್ರೀನಿನಲ್ಲಿ ಬಾಸ್ಟನ್ ಮನೆ ಬೆಲೆಗಳ ದತ್ತಾಂಶ ತರಿಸೋ ‘ಲೋಡ್ ಬಾಸ್ಟನ್’ ಓಡುತ್ತೆ, ಇವಳದ್ದರಲ್ಲಿ ಇಂಪೋರ್ಟ್ ಎರರ್. ಚಾಟಿನಲ್ಲಿ ಕೇಳಿದಳು, ಸರ್ ಉತ್ತರ ಕೊಡಲಿಲ್ಲ. ತನ್ನದೇ ತಪ್ಪು ಅಂದ್ಕೊಂಡು ಎರಡು ಸಲ ಎಲ್ಲ ತೆಗೆದು ಮತ್ತೆ ಇನ್‌ಸ್ಟಾಲ್ ಮಾಡಿದಾಳೆ, ಪಾಪ. ಪಕ್ಕದಲ್ಲಿ ಕೂತು ನೋಡ್ತೀನಿ, ಸರ್ ಸ್ಕ್ರೀನಿನ ಬಲಗಡೆ ಕೆಳಮೂಲೆಯ ಗಡಿಯಾರದ ಕೆಳಗೆ ತಾರೀಕು: 2021. ಲೈವ್ ಅಲ್ಲ, ಹಳೇ ರೆಕಾರ್ಡಿಂಗ್! ಐದು ವಾರ ಅವಳು ರೆಕಾರ್ಡಿಂಗಿಗೆ ‘ಗುಡ್ ಈವ್ನಿಂಗ್ ಸರ್’ ಅಂತ ಟೈಪ್ ಮಾಡಿದ್ದಳು. ಹೊಟ್ಟೆ ಉರಿದುಹೋಯ್ತು.

ಆ ಬಾಸ್ಟನ್ ದತ್ತಾಂಶವನ್ನು ಪೈಥಾನಿನ ಸೈಕಿಟ್ ಲರ್ನ್ ಅನ್ನೋ ಲೈಬ್ರರಿಯ (ಸಿದ್ಧ ಕೋಡ್ ಸಂಗ್ರಹ) 1.2ನೇ ವರ್ಷನ್ನಿನಲ್ಲಿ, 2022ರ ಡಿಸೆಂಬರಿನಲ್ಲೇ ತೆಗೆದುಹಾಕಿದ್ದಾರೆ. ಕ್ಯಾಲಿಫೋರ್ನಿಯಾ ಮನೆಗಳ ದತ್ತಾಂಶ ಹಾಕಿದ್ದರೆ ಪಾಠ ನಡೀತಿತ್ತು. ಸಪೋರ್ಟಿನವರ ಉತ್ತರ: ‘ನಿಮ್ಮ ವರ್ಷನ್ ಪ್ರಾಬ್ಲಂ ಮೇಡಂ, 1.1.3 ಹಾಕ್ಕೊಳ್ಳಿ.’ ಇವಳದ್ದು ಪೈಥಾನ್ 3.12. ಅದಕ್ಕೆ 1.1.3ರ ಸಿದ್ಧ ಪ್ಯಾಕೇಜೇ ಇಲ್ಲ, ಇನ್‌ಸ್ಟಾಲ್ ಮಾಡೋ ‘ಪಿಪ್’ ಮೂಲ ಕೋಡಿನಿಂದ ಕಟ್ಟೋಕೆ ಹೋಗಿ ನಿಂತುಬಿಡುತ್ತೆ. ಅದನ್ನೂ ಹೇಳಿದ್ವಿ. ‘ಬೇರೆ ಲ್ಯಾಪ್‌ಟಾಪಲ್ಲಿ ಟ್ರೈ ಮಾಡಿ ಮೇಡಂ.’ ಮುಂದಿನ ವಾರ ಪಾಂಡಾಸ್ ಅನ್ನೋ ಟೇಬಲ್ ದತ್ತಾಂಶದ ಲೈಬ್ರರಿಯಲ್ಲಿ ಸಾಲು ಸೇರಿಸೋ ‘ಅಪೆಂಡ್’ ಕೈಕೊಟ್ಟಿತು. ಅದು ಪಾಂಡಾಸ್ 2.0ರಿಂದ ಇಲ್ಲ, ‘ಕಾನ್‌ಕ್ಯಾಟ್’ ಬಳಸಬೇಕು, ಒಂದೇ ಸಾಲಿನ ತಿದ್ದುಪಡಿ. ಅಷ್ಟೂ ಹೇಳೋರಿಲ್ಲ.

ಪ್ರಾಜೆಕ್ಟ್ ಇನ್ನೂ ಅನ್ಯಾಯ. ಟೈಟಾನಿಕ್ ಹಡಗಿನಲ್ಲಿ ಯಾರು ಬದುಕಿದರು ಅಂತ ಊಹಿಸೋ ಮಾಡೆಲ್ ಮಾಡಬೇಕು. ಪ್ರಯಾಣಿಕರ ದತ್ತಾಂಶ, 891 ಸಾಲು, ಅದರಲ್ಲಿ 177 ಜನರ ವಯಸ್ಸು ಖಾಲಿ. ಖಾಲಿ ಜಾಗ ತುಂಬಿಸೋ ಸರಾಸರಿಯನ್ನ ಮಾಡೆಲ್‌ಗೆ ಕಲಿಸೋ ‘ಟ್ರೈನ್’ ಭಾಗದಿಂದ ಮಾತ್ರ ತೆಗೀಬೇಕು, ಆಮೇಲೆ ಪರೀಕ್ಷಿಸೋ ‘ಟೆಸ್ಟ್’ ಭಾಗ ಮುಟ್ಟಬಾರದು. ಇವರು ಟ್ರೈನ್, ಟೆಸ್ಟ್ ಬೇರೆ ಮಾಡೋಕೆ ಮುಂಚೆಯೇ ಪೂರ್ತಿ ದತ್ತಾಂಶದ ಸರಾಸರಿ ತುಂಬಿಸಿದ್ದಾರೆ. ಅದು ಹಾಳಾಗಲಿ, ಬದುಕಿದರೋ ಇಲ್ಲವೋ ಅನ್ನೋ ಕಾಲಂ ಅನ್ನೇ ಮಾಡೆಲ್‌ಗೆ ಕೊಡೋ ಕಾಲಂಗಳ ಜೊತೆ ಬಿಟ್ಟಿದ್ದಾರೆ. ಉತ್ತರ ಕೈಗೆ ಕೊಟ್ಟು ಪರೀಕ್ಷೆ ಬರೆಸಿದ ಹಾಗೆ. ಅಕ್ಯುರೆಸಿ, ಅಂದರೆ ಸರಿಯಾದ ಊಹೆಗಳ ಪ್ರಮಾಣ, ಶೇಕಡಾ 100 ಬಾರದೆ ಇನ್ನೇನು? ನಾನೇ ಫೋನ್ ಮಾಡಿ ಹೇಳಿದೆ. ಉತ್ತರ: ‘100 ಬಂದಿದೆಯಲ್ಲ ಸರ್, ರೆಸ್ಯೂಮೆಗೆ ಒಳ್ಳೇದೇ ಅಲ್ವಾ?’ ಇದನ್ನ ಇಂಟರ್‌ವ್ಯೂನಲ್ಲಿ ತೋರಿಸಿದರೆ ಎರಡೇ ನಿಮಿಷಕ್ಕೆ ಮನೆಗೆ ಕಳಿಸ್ತಾರೆ.

ರೀಫಂಡ್ ಕೇಳಿದರೆ ‘ಪಾಲಿಸಿ ಪ್ರಕಾರ 7 ದಿನ ಸರ್’. ಲೈವ್ ಅಂದಿದ್ರಲ್ಲ ಅಂದರೆ ‘ಡೌಟ್ ಸೆಷನ್ ಲೈವ್ ಇರುತ್ತೆ ಸರ್’. ಸಾಲದ ಮಾತೆತ್ತಿದರೆ ಫೈನಾನ್ಸಿನವರನ್ನ ಕೇಳಿ ಅಂತಾರೆ, ಅವರು ಕೋರ್ಸಿನವರನ್ನ ಕೇಳಿ ಅಂತಾರೆ.

ಸೇರೋ ಮುಂಚೆ ಯಾವುದಾದರೂ ಒಂದು ವಾರದ ನೋಟ್‌ಬುಕ್ ಫೈಲ್ (ಪಾಠದ ಕೋಡ್ ಇರೋ ಫೈಲ್) ಕೇಳಿ. ಬ್ರೌಸರಿನಲ್ಲೇ ಕೋಡ್ ಓಡಿಸೋ ಗೂಗಲ್ ಕೊಲ್ಯಾಬ್‌ಗೆ ಹಾಕಿ, ಮೊದಲಿಂದ ಕೊನೇವರೆಗೆ ಓಡಿಸಿ. ಎರರ್ ಬಂದರೆ ಪಾಠ ಹಳೇದಿರಬಹುದು. ಫೈಲ್ ಕೊಡಲ್ಲ ಅಂದರೆ ಫೋನ್ ಇಡಿ. ಓಟಿಪಿ ಹೇಳೋ ಮುಂಚೆ ಸಾಲದ ಕೀ ಫ್ಯಾಕ್ಟ್ ಸ್ಟೇಟ್‌ಮೆಂಟ್ (ಬಡ್ಡಿ, ಖರ್ಚು, ಷರತ್ತು ಬರೆದಿರೋ ಪತ್ರ) ತರಿಸಿ, ಕೂಲಿಂಗ್ ಆಫ್ ಅವಧಿ ಎಷ್ಟು ದಿನ ನೋಡಿ. ಅಷ್ಟರೊಳಗೆ ಸಾಲ ವಾಪಸ್ ಮಾಡಬಹುದು. ಸಿಟ್ಟಲ್ಲಿ ಕಂತು ನಿಲ್ಲಿಸಬೇಡಿ, ಸಿಬಿಲ್ ಹಾಳಾಗೋದು ನಿಮ್ಮದೇ. ಕಲಿಯೋಕಾದರೆ ಪೈಥಾನಿನ ಲಿಸ್ಟ್, ಡಿಕ್ಷನರಿ, ಲೂಪ್, ಫಂಕ್ಷನ್, ಆಮೇಲೆ ಪಾಂಡಾಸಿನ ಗ್ರೂಪ್‌ಬೈ, ಮರ್ಜ್, ಸ್ವಲ್ಪ ಎಸ್‌ಕ್ಯೂಎಲ್: ಶುರುವಿಗೆ ಇಷ್ಟು ಸಾಕು. ಕ್ಯಾಗಲ್ ಲರ್ನ್, ಎನ್‌ಪಿಟೆಲ್ ವೆಬ್‌ಸೈಟ್‌ಗಳಲ್ಲಿ ಇದೆಲ್ಲ ಪುಕ್ಕಟೆ ಸಿಗುತ್ತೆ.

ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಟ್ಟಿದೀವಿ, 2021ರ ತಾರೀಕು ಕಾಣೋ ಸ್ಕ್ರೀನ್‌ಶಾಟ್ ಸಮೇತ. ಇನ್ನೂ 9 ಕಂತು ಬಾಕಿ.