ಹುಲ್ಲುಹಾಸಿನ ತಗ್ಗು ಸರಿಮಾಡಿಸಿದ್ದು: ಕೆಲಸಕ್ಕೆ ಒಳ್ಳೆ ಮಾರ್ಕು, ಮರಳಿಗೆ ಸೊನ್ನೆ

ನಮ್ಮ ಕಾಸರಗೋಡು ಜಿಲ್ಲೆಯ ಕುಂಬಳೆ, ಸೀತಾಂಗೋಳಿ, ಬದಿಯಡ್ಕ ಕಡೆ ಮನೆ ಮುಂದೆ ಹುಲ್ಲು ಹಾಸಿಕೊಂಡವರು ಈಗ ಜಾಸ್ತಿ. ಹಾಸಿಕೊಡುವವರೂ ಬೇಕಾದಷ್ಟು ಇದ್ದಾರೆ. ಆದರೆ ಒಂದೆರಡು ಮಳೆಗಾಲ ಕಳೆದು ಆ ಹುಲ್ಲು ಅಲ್ಲಲ್ಲಿ ತಗ್ಗಿಗೆ ಇಳಿದು, ನಡೆಯುವಾಗ ಕಾಲು ಉಳುಕುವ ಹಾಗೆ ಆದಾಗ ಫೋನ್ ಮಾಡಿ ನೋಡಿ. "ಅದನ್ನೆಲ್ಲ ಕಿತ್ತು ಹೊಸತು ಹಾಕುವ" ಎನ್ನುತ್ತಾರೆ. ಹೊಸತು ಹಾಕಿದರೆ ಅವರಿಗೆ ಲಾಭ, ಅಲ್ವಾ? ಇದ್ದ ಹುಲ್ಲನ್ನೇ ಉಳಿಸಿಕೊಂಡು ಮಟ್ಟ ಮಾಡಿಕೊಡುತ್ತೇವೆ ಎಂದವರು ನನಗೆ ಸಿಕ್ಕಿದ್ದು ರಸ್ತೆ ಬದಿಯ ಒಂದು ಸಣ್ಣ ನರ್ಸರಿಯವರು ಮಾತ್ರ. ಅವರ ಕೆಲಸದ ಬಗ್ಗೆ ಬರೆಯುತ್ತಿದ್ದೇನೆ. ಹೊಗಳಿಕೆಯ ಜೊತೆ ಬೈಗುಳವೂ ಇರುವುದರಿಂದ ಹೆಸರು ಬೇಡ.

ನಮ್ಮದು ಮುರಕಲ್ಲಿನ (ಜಂಬಿಟ್ಟಿಗೆಯ) ಜಾಗ. ಮನೆ ಕಟ್ಟುವಾಗ ಅಂಗಳಕ್ಕೆ ಹೊರಗಿನಿಂದ ಕೆಂಪು ಮಣ್ಣು ತಂದು ತುಂಬಿಸಿದ್ದು, ಅದರ ಮೇಲೆ ಹುಲ್ಲು. ಒಂದು ಬದಿ ನೆರಳಿರುವಲ್ಲಿ ಇಲ್ಲಿಯವರು ಬಫಲೋ ಗ್ರಾಸ್ ಎಂದು ಮಾರುವ ಅಗಲ ಎಲೆಯದ್ದು, ಬಿಸಿಲು ಬೀಳುವ ಕಡೆ ಮೆಕ್ಸಿಕನ್ ಗ್ರಾಸ್. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಸುರಿಯುವ ಊರು ನಮ್ಮದು. ಅದರಲ್ಲೂ ಹೆಚ್ಚಿನದೆಲ್ಲ ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ತುಂಬಿಸಿದ ಮಣ್ಣು ಇಷ್ಟು ನೀರು ಕುಡಿದ ಮೇಲೆ ಇಳಿಯದೇ ಇರುತ್ತದಾ? ಇಳಿಯಿತು. ಒಂದು ಕಡೆ ತಟ್ಟೆಯಷ್ಟು, ಒಂದು ಕಡೆ ಬಾವಿಯಿಂದ ಟ್ಯಾಂಕಿಗೆ ಪೈಪ್ ಹೋದ ದಾರಿಯುದ್ದಕ್ಕೂ ಗೆರೆ ಎಳೆದ ಹಾಗೆ, ಇನ್ನೊಂದು ಕಡೆ ದಂಬೆಯ (ಮಾಡಿನ ಅಂಚಿನ ದೋಣಿಯ) ನೀರು ಬೀಳುವಲ್ಲಿ. ನಮ್ಮ ಅತ್ತೆಗಂತೂ ಈ ಹುಲ್ಲಿನ ಮೇಲೆ ಮೊದಲಿನಿಂದಲೂ ಅಸಮಾಧಾನ. ಮಳೆ ಬಿಟ್ಟ ಮೇಲೆ ಅಂಗಳ ಕೆತ್ತಿ, ಪೆಟ್ಟುಮಣೆಯಲ್ಲಿ ಬಡಿದು, ಸೆಗಣಿ ಸಾರಿಸಿ ಅಡಿಕೆ ಒಣಹಾಕಿದವರು ಅವರು. "ಅಂಗಳದಲ್ಲಿ ಹುಲ್ಲು ಬಂದರೆ ಕೀಳುವುದು ಬಿಟ್ಟು ದುಡ್ಡು ಕೊಟ್ಟು ಸಾಕುತ್ತೀರಲ್ಲ" ಎನ್ನುವುದು ಅವರ ಖಾಯಂ ಮಾತು.

ನರ್ಸರಿಯ ಯಜಮಾನರು ಮೊದಲು ಒಬ್ಬರೇ ಬಂದು ನೋಡಿದರು. ಗೇಟಿನ ಹತ್ತಿರವೇ ನಿಂತು, "ಎಲ್ಲಾಂ ಶರಿಯಾಕ್ಕಿ ತರಾಂ ಚೇಚೀ (ಎಲ್ಲ ಸರಿ ಮಾಡಿಕೊಡುತ್ತೇನೆ ಅಕ್ಕ), ಒಂದು ಲೋಡು ಮರಳು ಬೇಕು" ಎಂದರು. ಅಳತೆ ಇಲ್ಲ, ಬಗ್ಗಿ ನೋಡಿದ್ದೂ ಇಲ್ಲ. ಇಲ್ಲಿಗೇ ನನಗೆ ಅರ್ಧ ಮನಸ್ಸು ಮುರಿದಿತ್ತು. ಒಂದು ಲೋಡು ಯಾಕೆ ಬೇಕು ಹೇಳಿ. ಲೆಕ್ಕ ಸುಲಭ ಇದೆ: 100 ಚದರ ಅಡಿ ಜಾಗಕ್ಕೆ 1 ಸೆಂಟಿಮೀಟರ್ ದಪ್ಪ ಮಣ್ಣು ಹರಡಲು ಸುಮಾರು 3.3 ಘನ ಅಡಿ ಸಾಕು, ಅಂದರೆ ಸಿಮೆಂಟಿನ ಖಾಲಿ ಚೀಲದಲ್ಲಿ ಎರಡೂವರೆ ಮೂರು ಚೀಲ. ಆಳದ ಗುಂಡಿ ಒಂದೆರಡು ಇದ್ದರೂ ಮನೆ ಮುಂದಿನ ಹುಲ್ಲಿಗೆ ಪಿಕಪ್ ತುಂಬ ಮರಳು ಬೇಕಾಗುವುದಿಲ್ಲ. ಉಳಿದದ್ದು ಗೇಟಿನ ಪಕ್ಕ ರಾಶಿ ಬಿದ್ದು ಬೆಕ್ಕುಗಳ ಕಕ್ಕಸು ಆಗುತ್ತದೆ, ಅಷ್ಟೇ.

ಆದರೆ ಕೆಲಸಕ್ಕೆ ಬಂದವರು ಬೇರೆ. ಒಬ್ಬರು ವಯಸ್ಸಾದವರು, ತುಳು ಮಾತಾಡುವವರು, ಜೊತೆಗೆ ಒಬ್ಬ ಹುಡುಗ. ಈ ಅಣ್ಣ ಬಂದವರೇ ಮರಳಿನ ಮಾತು ಎತ್ತಲಿಲ್ಲ. ಕೈಯಲ್ಲಿ ಒಂದು ಕಬ್ಬಿಣದ ಸರಳು ಹಿಡಿದು ತಗ್ಗು ಇದ್ದಲ್ಲೆಲ್ಲ ಚುಚ್ಚುತ್ತಾ ಹೋದರು. ಪೈಪಿನ ಗೆರೆಯಲ್ಲಿ ಸರಳು ಸ್ವಲ್ಪ ಇಳಿದು ನಿಂತಿತು. ತಟ್ಟೆಯಷ್ಟಿದ್ದ ತಗ್ಗಿನಲ್ಲಿ ಮಾತ್ರ ಒತ್ತುವುದೇ ಬೇಡ, ತಾನಾಗಿ ಒಳಗೆ ಹೋಯಿತು. ಸರಳನ್ನು ಮೇಲೆ ಎಳೆದು ತುದಿ ಮೂಸಿ ನೋಡಿದರು. "ಅಕ್ಕಾ, ಇಲ್ಲಿ ಮೊದಲು ತೆಂಗಿನಮರ ಇತ್ತಾ?"

ಇತ್ತು. ಮನೆ ಕಟ್ಟುವಾಗ ಕಡಿಸಿದ್ದು. ಕಂಟ್ರಾಕ್ಟರ್ ಬುಡ ಕೀಳಿಸದೆ ಮೇಲೆ ಮಣ್ಣು ಎಳೆದು ಹೋಗಿದ್ದರು. ಅಗೆದಾಗ ಒಳಗೆ ಕಪ್ಪಗೆ ಕೊಳೆತ ನಾರು, ಅದರ ತುಂಬ ಗೆದ್ದಲು, ಹುಡುಗ ಹಾರೆ ಹಾಕಿದಲ್ಲೆಲ್ಲ ಒದ್ದೆ ಪುಡಿ. ಇದರ ಮೇಲೆ ಎಷ್ಟು ಮರಳು ಸುರಿದರೂ ಮುಂದಿನ ಮಳೆಗಾಲಕ್ಕೆ ಮತ್ತೆ ಇಳಿಯುತ್ತಿತ್ತು. ಮರದ ಬುಡ ಕೊಳೆಯುತ್ತಾ ಹೋದ ಹಾಗೆ ಒಳಗೆ ಜಾಗ ಖಾಲಿಯಾಗುತ್ತಲೇ ಇರುತ್ತದೆ. ಯಜಮಾನರು ಹೇಳಿದ ಹಾಗೆ ಮಾಡಿದ್ದರೆ ಅವರಿಗೆ ವರ್ಷವರ್ಷ ಕೆಲಸ ಸಿಗುತ್ತಿತ್ತು ಬಿಡಿ.

ಅವರು ಮಾಡಿದ ರೀತಿ ಹೀಗೆ. ತಗ್ಗಿನ ಸುತ್ತ ಹುಲ್ಲನ್ನು ಚೌಕ ಚೌಕವಾಗಿ ಕೊಯ್ದು, ಬೇರಿನ ಮಣ್ಣು ಸಮೇತ ಎತ್ತಿ ನೆರಳಲ್ಲಿ ಒದ್ದೆ ಗೋಣಿ ಮುಚ್ಚಿ ಇಟ್ಟರು. ಕೊಳೆತದ್ದನ್ನೆಲ್ಲ ತೆಗೆದರು. ಗಟ್ಟಿ ಮಣ್ಣು ಸಿಕ್ಕಿದ ಮೇಲೆ ಕೆಂಪು ಮಣ್ಣನ್ನು ಸ್ವಲ್ಪ ಸ್ವಲ್ಪವೇ ಹಾಕಿ, ನೀರು ಚಿಮುಕಿಸಿ, ಬಡಿದು, ಮತ್ತೆ ಹಾಕಿ ಮೇಲೆ ತಂದರು. ಒಮ್ಮೆಗೇ ತುಂಬಿಸಿ ಮೇಲಿನಿಂದ ಬಡಿದರೆ ಮೇಲಿನ ಪದರ ಮಾತ್ರ ಗಟ್ಟಿಯಾಗುತ್ತದೆ, ಅಡಿ ಸಡಿಲವಾಗಿಯೇ ಇರುತ್ತದೆ. ಬಡಿಯಲು ಅವರ ಹತ್ತಿರ ಏನೂ ಇರಲಿಲ್ಲ. ಅತ್ತೆ ಕೊಟ್ಟಿಗೆಯ ಅಟ್ಟದಿಂದ ಹಳೇ ಪೆಟ್ಟುಮಣೆ ತೆಗೆಸಿಕೊಟ್ಟರು. ಆಮೇಲೆ ಕೆಲಸ ಮುಗಿಯುವವರೆಗೂ ಅಲ್ಲಿಂದ ಏಳಲಿಲ್ಲ, ಕುರ್ಚಿ ಹಾಕಿ ಕೂತು ಮೇಸ್ತ್ರಿಕೆ ಮಾಡಿದರು. ಕೊನೆಗೆ ಹುಲ್ಲಿನ ಚೌಕಗಳನ್ನು ಸುತ್ತಲಿನ ಮಟ್ಟಕ್ಕಿಂತ ಒಂದು ಬೆರಳು ಮೇಲಿರುವ ಹಾಗೆ ಕೂರಿಸಿದರು. ಯಾಕೆ ಮೇಲೆ ಎಂದದ್ದಕ್ಕೆ, "ಇಳಿಯಲಿಕ್ಕೆ ಜಾಗ ಬೇಡವಾ ಅಕ್ಕ" ಎಂದರು. ಈಗ ನೋಡಿದರೆ ಸಮ ಇದೆ.

ಪೈಪಿನ ಗೆರೆಯಲ್ಲಿ ತಗ್ಗು ಅಷ್ಟು ಆಳ ಇರಲಿಲ್ಲ. ಮೊದಲು ಮೋಟಾರ್ ಹಾಕಿಸಿ ಪೈಪ್ ಸೋರುತ್ತಿಲ್ಲ ಎಂದು ನೋಡಿಕೊಂಡರು. ಇದಕ್ಕೂ ಮಾರ್ಕು ಕೊಡುತ್ತೇನೆ. ಅಲ್ಲಿ ಹುಲ್ಲು ಎತ್ತದೆ ಮೇಲಿನಿಂದಲೇ ಮಣ್ಣು ಹರಡುವುದು ಎಂದಾಯಿತು. ಹುಲ್ಲನ್ನು ಚೆನ್ನಾಗಿ ಗಿಡ್ಡ ಮಾಡಿ, ಜರಡಿ ಹಿಡಿದ ಮಣ್ಣು, ಮರಳು, ಗೊಬ್ಬರದ ಒಣ ಮಿಶ್ರಣವನ್ನು ಹರಡಿ, ಹಿಡಿಸೂಡಿಯಲ್ಲಿ ಗುಡಿಸಿ ಎಲೆಗಳ ನಡುವೆ ಇಳಿಸುವುದು. ಎಲೆಯ ತುದಿ ಕಾಣುತ್ತಲೇ ಇರಬೇಕು. ಒಂದು ಸಲಕ್ಕೆ 1 ಸೆಂಟಿಮೀಟರ್ ಸಾಕು. ಅದನ್ನು ದಾಟಿ ಹುಲ್ಲು ಮುಚ್ಚಿಹೋದರೆ ಬಿಸಿಲು ಸಿಗದೆ ಹಳದಿಯಾಗಿ ಅಲ್ಲೇ ಸಾಯುತ್ತದೆ. ಹುಲ್ಲು ಮೇಲೆ ಬಂದ ಮೇಲೆ ಇನ್ನೊಂದು ಪದರ. ಅಗಲ ಎಲೆಯ ಹುಲ್ಲು ಬೇಗ ಎದ್ದು ಬಂತು. ಮೆಕ್ಸಿಕನ್ ನಿಧಾನದ್ದು, ಅದಕ್ಕೆ ತೆಳುವಾಗಿಯೇ ಹಾಕಬೇಕು, ಕಾಯಬೇಕು. ಮಟ್ಟ ನೋಡಲು ಅಡಿಕೆ ಮರದ ನೇರ ಸಲಾಕೆಯೊಂದನ್ನು ಅಡ್ಡ ಇಟ್ಟು ಎಳೆದರು. ಆನ್‌ಲೈನಿನಲ್ಲಿ ಇದಕ್ಕೆಂದೇ ಸ್ಟೀಲಿನ ದೊಡ್ಡ ರೇಕ್ ಮಾರುತ್ತಾರೆ, ನಾನೂ ಆಸೆಪಟ್ಟು ನೋಡಿದ್ದೆ. ದೊಡ್ಡ ಮೈದಾನ ಇದ್ದವರಿಗೆ ಇರಲಿ. ನಮ್ಮಂಥ ಅಂಗಳಕ್ಕೆ ಸಲಾಕೆ ಸಾಕು, ಇಲ್ಲವಾದರೆ ಮೇಸ್ತ್ರಿಗಳು ಗಾರೆ ಎಳೆಯುವ ಅಲ್ಯುಮಿನಿಯಂ ಪಟ್ಟಿ ಕೇಳಿ ತನ್ನಿ.

ಇನ್ನು ಮರಳಿನ ಕಥೆ. ಯಜಮಾನರು ಕಳಿಸಿದ ಮರಳು ಬೂದು ಬಣ್ಣದ್ದು, ನುಣ್ಣಗೆ, ನೋಡಲು ಚಂದ. ಕೈಯಲ್ಲಿ ತೆಗೆದುಕೊಂಡರೆ ಅದರಲ್ಲಿ ಮರುವಾಯಿ ಚಿಪ್ಪಿನ ಚೂರು. ಒಂದಲ್ಲ, ಮುಷ್ಟಿ ತೆಗೆದಾಗಲೆಲ್ಲ ಇತ್ತು. ಲೋಟದಲ್ಲಿ ಹಾಕಿ ನೀರು ಹೊಯ್ದು ಕಲಕಿ, ತಿಳಿಯಾದ ಮೇಲೆ ಬೆರಳು ಅದ್ದಿ ನಾಲಗೆಗೆ ಇಟ್ಟರೆ ಉಪ್ಪು. ಎಲ್ಲಿಯ ಮರಳು ಎಂದು ಫೋನಿನಲ್ಲಿ ಕೇಳಿದರೆ "ಹೊಳೆಯದ್ದು" ಎಂದರು. ಹೊಳೆಯದ್ದೇ ಇರಬಹುದು, ಅಳಿವೆ ಬಾಗಿಲಿನಲ್ಲಿ ತೆಗೆದರೆ ಹೊಳೆಯೂ ಅದೇ ಕಡಲೂ ಅದೇ. ಉಪ್ಪು ಮರಳು ಹಾಕಿದರೆ ಹುಲ್ಲಿನ ಬೇರು ನೀರು ಎಳೆದುಕೊಳ್ಳಲಾರದೆ ಎಲೆ ಸುಟ್ಟ ಹಾಗೆ ಒಣಗುತ್ತದೆ. ಮೇಲಾಗಿ ಹೊಳೆ ಮರಳು ತೆಗೆಯುವುದಕ್ಕೆ ಕೇರಳದಲ್ಲಿ 2001ರ ಕಾನೂನಿನ ಕಟ್ಟುಪಾಡು ಇದೆ. ರಸೀದಿ ಕೇಳಿದರೆ ಮಾತು ಬೇರೆ ಕಡೆ ಹೋಯಿತು. ವಾಪಸ್ ತೆಗೆದುಕೊಂಡು ಹೋಗಿ ಎಂದೆ. ಗೊಣಗುತ್ತಾ ತೆಗೆದುಕೊಂಡು ಹೋದರು, ಆದರೆ ಪಿಕಪ್ಪಿನ ಬಾಡಿಗೆಯನ್ನು ಬಿಲ್ಲಿನಲ್ಲಿ ಸೇರಿಸಿದ್ದರು. ಅದನ್ನು ಹೊಡೆದು ಹಾಕಿಸಲು ಮತ್ತೊಂದು ಸುತ್ತು ಜಗಳ.

ಕೊನೆಗೆ ಮರಳನ್ನು ನಾವೇ ತಂದೆವು. ಎಮ್ ಸ್ಯಾಂಡ್ (ಕ್ರಷರಿನಲ್ಲಿ ಕಲ್ಲು ಪುಡಿ ಮಾಡಿದ ಮರಳು) ತರುವುದಾದರೆ ತೊಳೆದದ್ದೇ ಕೇಳಿ. ಕ್ರಷರಿನ ಹುಡಿ ಜಾಸ್ತಿ ಇದ್ದರೆ ನೀರು ಬಿದ್ದು ಒಣಗಿದ ಮೇಲೆ ಸಿಮೆಂಟಿನ ಹಾಗೆ ಹಪ್ಪಳಿಕೆ ಕಟ್ಟುತ್ತದೆ. ಎರಡು ಪಾಲು ಮರಳು, ಎರಡು ಪಾಲು ಜರಡಿ ಹಿಡಿದ ಕೆಂಪು ಮಣ್ಣು, ಒಂದು ಪಾಲು ಚೆನ್ನಾಗಿ ಕಳಿತ ಹಟ್ಟಿಗೊಬ್ಬರ, ಇದು ಆ ಅಣ್ಣ ಹೇಳಿದ ಲೆಕ್ಕ. ಹಸಿ ಗೊಬ್ಬರ ಬೇಡ, ಕಳೆ ಬೀಜ ಬರುತ್ತದೆ. ತೆಂಗಿನ ನಾರಿನ ಹುಡಿ ಬೆರೆಸುವ ಎಂದು ಯಜಮಾನರು ಹೇಳಿದ್ದರು, ಅವರ ಅಂಗಡಿಯಲ್ಲಿ ಅದರ ಚೀಲಗಳ ಅಟ್ಟಿಯೇ ಇದೆ. ಕುಂಡಕ್ಕೆ ಒಳ್ಳೆಯದು ಹೌದು. ಮಟ್ಟ ಮಾಡುವಲ್ಲಿ ಅದು ಕರಗುತ್ತಾ ಹೋದರೆ ಮತ್ತೆ ತಗ್ಗೇ ತಾನೆ?

ದಂಬೆ ನೀರು ಬೀಳುವ ಜಾಗದಲ್ಲಿ ಇವರ ಕೆಲಸ ಕೆಟ್ಟಿತು. ನೀರಿಗೆ ಬೇರೆ ದಾರಿ ಮಾಡದೆ ಮಣ್ಣು ಹಾಕಿದರೆ ನಿಲ್ಲುವುದಿಲ್ಲ ಎಂದು ನಾನು ಮೊದಲೇ ಹೇಳಿದ್ದೆ. ಅಣ್ಣನೂ ಹೂಂ ಎಂದರು. ಯಜಮಾನರು, ಅದು ಪ್ಲಂಬರ್ ಕೆಲಸ, ನಮ್ಮದಲ್ಲ ಎಂದು ಹುಡುಗನ ಕೈಯಲ್ಲಿ ಮಣ್ಣು ಹಾಕಿಸಿಬಿಟ್ಟರು. ತುಲಾ ತಿಂಗಳ (ಅಕ್ಟೋಬರ್-ನವೆಂಬರ್) ಒಂದು ಸಂಜೆ ಗುಡುಗು ಮಳೆ ಬಂತು, ಅಷ್ಟೂ ಮಿಶ್ರಣ ಗೇಟಿನವರೆಗೆ ಹರಿದು ಹೋಯಿತು. ಫೋಟೋ ಕಳಿಸಿದೆ. ಮರುವಾರ ಬಂದು, ದಂಬೆಗೆ ಪೈಪ್ ಇಳಿಸಿ ಚರಂಡಿಗೆ ಸೇರಿಸಿ, ಮಣ್ಣು ಮತ್ತೆ ಹಾಕಿದರು. ಪೈಪಿನ ದುಡ್ಡು ನನ್ನದು, ಕೂಲಿ ಕೇಳಲಿಲ್ಲ. ಈ ಒಂದು ಕಾರಣಕ್ಕೆ ಇವರನ್ನು ಪೂರ್ತಿ ಬೈಯಲು ಮನಸ್ಸು ಬರುವುದಿಲ್ಲ.

ದುಡ್ಡಿನ ಲೆಕ್ಕ: ದೊಡ್ಡವರಿಗೆ ದಿನಕ್ಕೆ 1000 ರೂಪಾಯಿ, ಹುಡುಗನಿಗೆ ಅದಕ್ಕಿಂತ ಸ್ವಲ್ಪ ಕಡಿಮೆ, ಮಣ್ಣು ಮರಳು ಗೊಬ್ಬರ ಬೇರೆ. ಎಲ್ಲ ಸೇರಿ 8000ದೊಳಗೆ ಮುಗಿಯಿತು. ಕಿತ್ತು ಹೊಸ ಹುಲ್ಲು ಹಾಕಲು ಬೇರೆಯವರು ಕೇಳಿದ್ದಕ್ಕೆ ಹೋಲಿಸಿದರೆ ಕಾಲು ಭಾಗವೂ ಅಲ್ಲ. ಸಮಯಕ್ಕೆ ಬರುವ ವಿಷಯದಲ್ಲಿ ಮಾತ್ರ ಮಾರ್ಕು ಕೇಳಬೇಡಿ. ಇವತ್ತು ಎಂದರೆ ನಾಡಿದ್ದು.

ಒಂದು ಎಚ್ಚರಿಕೆ, ಇದು ಇವರಿಗೂ ಗೊತ್ತಿದ್ದ ವಿಷಯ, ಅದಕ್ಕೇ ಹೇಳುತ್ತೇನೆ. ಗುಡ್ಡದ ಬುಡದಲ್ಲಿ ಮನೆ ಇದ್ದವರು, ಹಳೇ ಸುರಂಗ ಹತ್ತಿರ ಇದ್ದವರು ತಗ್ಗಿಗೆ ಸುಮ್ನೆ ಮಣ್ಣು ತುಂಬಿಸಲು ಹೋಗಬೇಡಿ. ಪೆರ್ಲ, ಬಾಯಾರು ಕಡೆ ನೀರಿಗೆಂದು ಮುರಕಲ್ಲಿನಲ್ಲಿ ಅಡ್ಡಕ್ಕೆ ಕೊರೆದ ಸುರಂಗಗಳು ಎಷ್ಟೋ ಇವೆ, ಕೆಲವು ಈಗ ಯಾರ ನೆನಪಿನಲ್ಲೂ ಇಲ್ಲ. ಮುರಕಲ್ಲಿನ ಅಡಿಯ ಮೆತ್ತಗಿನ ಶೇಡಿ ಮಣ್ಣು ಮಳೆಗಾಲದಲ್ಲಿ ನೀರಿನ ಜೊತೆ ಕೊಚ್ಚಿಹೋಗಿ ಒಳಗೊಳಗೇ ಟೊಳ್ಳಾಗುವುದೂ ನಮ್ಮ ಜಿಲ್ಲೆಯಲ್ಲಿ ಇದೆ. ತಗ್ಗು ವರ್ಷವರ್ಷ ದೊಡ್ಡದಾಗುತ್ತಿದ್ದರೆ, ಕೆಳಗಿನ ತೋಟದಲ್ಲಿ ಕದಡಿದ ನೀರು ಹೊರಬರುತ್ತಿದ್ದರೆ, ಅದು ನರ್ಸರಿಯವರ ಕೆಲಸ ಅಲ್ಲ. ಮಕ್ಕಳನ್ನು ಆ ಕಡೆ ಬಿಡಬೇಡಿ, ವಿಲೇಜ್ ಆಫೀಸಿಗೆ ತಿಳಿಸಿ.

ನಾನು ಮತ್ತೆ ಇವರನ್ನೇ ಕರೆಯುತ್ತೇನಾ? ಆ ಅಣ್ಣ ಬರುವುದಾದರೆ ಹೌದು. ಕರೆಯುವಾಗಲೇ ಹೇಳಿಬಿಡಿ: ಮರಳು ನಾವು ತರುತ್ತೇವೆ, ನೀವು ಆಳು ಕಳಿಸಿದರೆ ಸಾಕು, ಸರಳು ಹಿಡಿದುಕೊಂಡು ಬರುವವರನ್ನೇ ಕಳಿಸಿ ಎಂದು. ಜಡಿಮಳೆಯಲ್ಲಿ ಹಾಕಿದ್ದು ತೊಳೆದು ಹೋಗುತ್ತದೆ, ಬೇಸಿಗೆಯಲ್ಲಿ ಹುಲ್ಲು ಚೇತರಿಸಿಕೊಳ್ಳುವುದಿಲ್ಲ, ಹಾಗಾಗಿ ಸೆಪ್ಟೆಂಬರ್ ಕೊನೆಯಿಂದ ನವೆಂಬರ್ ಒಳಗೆ ಮಾಡಿಸಿಕೊಳ್ಳಿ. ಆ ಹೊತ್ತಿಗೆ ಎಲ್ಲರೂ ಕರೆಯುವುದರಿಂದ ಯಜಮಾನರು ಫೋನ್ ಎತ್ತುವುದಿಲ್ಲ. ವಾಟ್ಸಪ್ಪಿನಲ್ಲಿ ವಾಯ್ಸ್ ಹಾಕಿದರೆ ರಾತ್ರಿ ಹತ್ತರ ಮೇಲೆ ಉತ್ತರ ಬರುತ್ತದೆ.