12 ಬೋರ್ ಚೋಕ್ ಸೆಟ್, ಹಲವು ಸೀಸನ್ ಬಳಸಿದ ಮೇಲೆ: ಫೆಸೆಂಟ್‌ಗೆ ಐದರಲ್ಲಿ ಎರಡು ಸಾಕು

ಚೋಕ್ ಎಂದರೆ ಕೋವಿಯ ನಳಿಗೆಯ ತುದಿಗೆ ತಿರುಗಿಸಿ ಕೂರಿಸುವ ಕೊಳವೆ; ಅದು ಎಷ್ಟು ಕಿರಿದೋ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) ಅಷ್ಟು ಕಡಿಮೆ ಹರಡುತ್ತದೆ. ಈ ಸೆಟ್‌ನಲ್ಲಿ ಐದು ಇವೆ, ಸಡಿಲದಿಂದ ಬಿಗಿಯ ಕ್ರಮದಲ್ಲಿ: ಸಿಲಿಂಡರ್, ಇಂಪ್ರೂವ್ಡ್ ಸಿಲಿಂಡರ್ (ಮುಂದೆ ಐಸಿ ಎನ್ನುತ್ತೇನೆ), ಮಾಡಿಫೈಡ್, ಇಂಪ್ರೂವ್ಡ್ ಮಾಡಿಫೈಡ್, ಫುಲ್. ಇಷ್ಟು ದಿನದ ಬಳಕೆಯಲ್ಲಿ ಬಣ್ಣ ಸವೆದಿರುವುದು ಐಸಿ ಮತ್ತು ಮಾಡಿಫೈಡ್‌ಗೆ ಮಾತ್ರ. ಫುಲ್ ಡಬ್ಬಿಯಲ್ಲಿ ಹೊಸದರಂತೆಯೇ ಕೂತಿದೆ.

ಇದಕ್ಕೆ ಕಾರಣ ದೂರದ ಲೆಕ್ಕ. ನಾಯಿ ವಾಸನೆ ಹಿಡಿದು ಅಡಗಿದಲ್ಲೇ ನಿಲ್ಲಿಸಿದ ಫೆಸೆಂಟ್ (ಉದ್ದ ಬಾಲದ ಬೇಟೆಹಕ್ಕಿ) ಕಾಲಬುಡದಿಂದಲೇ ಹಾರಿ ಏಳುತ್ತದೆ. ಕೋವಿ ಭುಜಕ್ಕೇರಿ ಈಡು ಹೊರಡುವಾಗ ಅದು 20–30 ಗಜದಲ್ಲಿರುತ್ತದೆ. 20 ಗಜದಲ್ಲಿ ಫುಲ್ ಚೋಕ್‌ನ ಚರೆ ಹರಡುವುದು ಸುಮಾರು 16 ಇಂಚು, ಐಸಿಯದು ಸುಮಾರು 26. ಅಷ್ಟು ಹತ್ತಿರದಲ್ಲಿ ಫುಲ್ ಬಳಸಿದರೆ ಒಂದೋ ಈಡು ತಪ್ಪುತ್ತದೆ, ಇಲ್ಲವೇ ಎದೆಮಾಂಸವೆಲ್ಲ ಚರೆಯಿಂದ ಜಜ್ಜಿಹೋಗಿ ಅಡುಗೆಗೆ ಬಾರದಂತಾಗುತ್ತದೆ. ಸೀಸನ್ ಕೊನೆಗೆ ಹಕ್ಕಿಗಳು ಬೆದರಿ 35–40 ಗಜದಲ್ಲೇ ಏಳತೊಡಗಿದಾಗ ಮಾಡಿಫೈಡ್‌ಗೆ ಬದಲಿಸಿ. ಜೋಡುನಳಿಗೆಯಾದರೆ ಈ ತಲೆನೋವೇ ಇಲ್ಲ: ಮೊದಲ ಈಡಿಗೆ ಐಸಿ, ದೂರ ಸರಿದ ಹಕ್ಕಿಗೆ ಎರಡನೆಯದಾಗಿ ಮಾಡಿಫೈಡ್.

ಚೋಕ್ ಮೇಲೆ ಕೆತ್ತಿದ ಹೆಸರನ್ನು ಕಣ್ಣುಮುಚ್ಚಿ ನಂಬಬೇಡಿ. 12 ಬೋರ್‌ನ ವಾಡಿಕೆಯ ಒಳವ್ಯಾಸ 0.729 ಇಂಚು. ಅದಕ್ಕಿಂತ ಸುಮಾರು 0.010 ಇಂಚು ಕಿರಿದಾದರೆ ಐಸಿ, 0.020 ಆದರೆ ಮಾಡಿಫೈಡ್, 0.035 ಆದರೆ ಫುಲ್. ಆದರೆ ಒಳಗೆ ಅಗಲಿಸಿದ ನಳಿಗೆಗಳು 0.740 ದಾಟುವುದೂ ಉಂಟು. ಲೆಕ್ಕಕ್ಕೆ ಬರುವುದು ನಿಮ್ಮ ನಳಿಗೆಗೂ ಚೋಕ್‌ಗೂ ಇರುವ ವ್ಯತ್ಯಾಸ. ಒಳವ್ಯಾಸ ಅಳೆಯುವ ಬೋರ್ ಗೇಜ್‌ನಿಂದ ಎರಡನ್ನೂ ಅಳೆದು, ಒಂದರಿಂದ ಇನ್ನೊಂದನ್ನು ಕಳೆಯಿರಿ.

ಅಳತೆಗಿಂತ ದೊಡ್ಡ ಸಾಕ್ಷಿ ಕಾಗದ. ನಾಲ್ಕು ಅಡಿ ಚೌಕದ ಹಾಳೆಯನ್ನು 40 ಗಜದಲ್ಲಿ ಕಟ್ಟಿ, ನಡುವಿನ ಗುರುತಿಗೆ ಒಂದು ಈಡು ಹೊಡೆಯಿರಿ. ಚರೆ ದಟ್ಟವಾಗಿ ಬಿದ್ದ ಜಾಗವನ್ನೇ ನಡು ಮಾಡಿಕೊಂಡು 30 ಇಂಚಿನ ವೃತ್ತ ಎಳೆಯಿರಿ. ಮೊದಲೇ ವೃತ್ತ ಬರೆದಿಟ್ಟು ಹೊಡೆದರೆ ಗುರಿಯ ತಪ್ಪು ಚೋಕ್‌ನ ತಲೆಗೆ ಬರುತ್ತದೆ. ವೃತ್ತದೊಳಗಿನ ತೂತುಗಳನ್ನು ಎಣಿಸಿ, ಅದೇ ಪೆಟ್ಟಿಗೆಯ ಒಂದು ತೋಟಾ ಬಿಚ್ಚಿ ಎಣಿಸಿದ ಚರೆಯ ಸಂಖ್ಯೆಯಿಂದ ಭಾಗಿಸಿ. ಸೀಸದ ಚರೆಯಲ್ಲಿ ಐಸಿಗೆ ಸುಮಾರು ಶೇ 50, ಮಾಡಿಫೈಡ್‌ಗೆ 60, ಫುಲ್‌ಗೆ 70 ಬರಬೇಕು. ಅಮೆರಿಕನ್ ನಂಬರ್ 6 ಚರೆಯ 1¼ ಔನ್ಸ್ ತೋಟಾದಲ್ಲಿ ಸುಮಾರು 280 ಚರೆ ಇರುವುದರಿಂದ ಐಸಿಯಲ್ಲಿ 140 ಆಸುಪಾಸು ತೂತು ಸಿಗುತ್ತವೆ. (ಬ್ರಿಟಿಷ್ ನಂಬರ್ 6 ಇದಕ್ಕಿಂತ ಸಣ್ಣದು, ಎರಡನ್ನೂ ಬೆರೆಸಿ ಲೆಕ್ಕ ಹಾಕಬೇಡಿ.) ಒಂದೇ ಹಾಳೆಯಿಂದ ಏನೂ ತಿಳಿಯದು, ಕನಿಷ್ಠ ಐದು ಬೇಕು. ಪ್ರತಿ ಹಾಳೆಯ ಮೇಲೂ 5 ಇಂಚಿನ ತಟ್ಟೆಯೊಂದನ್ನು ಸರಿಸುತ್ತ ಹೋಗಿ. ತಟ್ಟೆಯಡಿ ಒಂದೂ ತೂತಿಲ್ಲದ ಜಾಗಗಳು ಮತ್ತೆ ಮತ್ತೆ ಸಿಕ್ಕರೆ ಹಕ್ಕಿ ಗಾಯಗೊಂಡು ತಪ್ಪಿಸಿಕೊಳ್ಳುವುದು ಅಲ್ಲೇ. ಆಗ ಚೋಕ್ ಬದಲಿಸುವ ಮೊದಲು ತೋಟಾ ಬದಲಿಸಿ ನೋಡಿ. ಫೈಬರ್ ವ್ಯಾಡ್ (ಮದ್ದಿಗೂ ಚರೆಗೂ ನಡುವಿನ ನಾರಿನ ಬಿಲ್ಲೆ) ಇರುವ ತೋಟಾ ಸಾಮಾನ್ಯವಾಗಿ ಪ್ಲಾಸ್ಟಿಕ್ ಕಪ್ ಇರುವುದಕ್ಕಿಂತ ಹೆಚ್ಚು ಹರಡುತ್ತದೆ.

ಬಾಲದ ಹಿಂದೆ ಬಿದ್ದ ಈಡನ್ನು ಯಾವ ಚೋಕೂ ಸರಿಪಡಿಸದು. ಗಂಡು ಫೆಸೆಂಟ್‌ನ ಉದ್ದದಲ್ಲಿ ಅರ್ಧಕ್ಕಿಂತ ಹೆಚ್ಚು ಬಾಲವೇ. ತಲೆ ನೋಡಿ ಹೊಡೆಯಿರಿ.

ಸೀಸ ನಿಷೇಧವಿರುವ ಕಡೆ ಉಕ್ಕಿನ ಚರೆ ಬಳಸುವವರಿಗೆ ಲೆಕ್ಕವೇ ಬೇರೆ. ಉಕ್ಕು ಗಡುಸು, ನಳಿಗೆಯಲ್ಲಿ ಚಪ್ಪಟೆಯಾಗದೆ ಗುಂಪಾಗಿಯೇ ಹಾರುವುದರಿಂದ ಐಸಿಯೇ ಮಾಡಿಫೈಡ್‌ನಷ್ಟು ಬಿಗಿಯಾಗುತ್ತದೆ. ಹಗುರವಾದ್ದರಿಂದ ಸೀಸದ ನಂಬರ್ 6ರ ಬದಲು ಅದಕ್ಕಿಂತ ದಪ್ಪವಾದ ಉಕ್ಕಿನ ನಂಬರ್ 4 ತೆಗೆದುಕೊಳ್ಳಿ. ತಯಾರಕರು ಉಕ್ಕಿಗೆ ಸರಿ ಎಂದು ಹೇಳದ ಹೊರತು ಮಾಡಿಫೈಡ್‌ಗಿಂತ ಬಿಗಿಯಾದ ಚೋಕ್‌ನಲ್ಲಿ ಹೊಡೆಯಬೇಡಿ, ಚೋಕ್ ಉಬ್ಬಿ ನಳಿಗೆಯಲ್ಲೇ ಕಚ್ಚಿಕೊಳ್ಳಬಹುದು.

ಸೆಟ್‌ನ ಗುಣದೋಷ: ಥ್ರೆಡ್ ನುಣುಪಾಗಿದೆ, ಬೆರಳಲ್ಲೇ ಕೊನೆತನಕ ತಿರುಗುತ್ತದೆ. ಅಂಚಿನ ಗೀರುಗಳು (ಒಂದಾದರೆ ಫುಲ್, ಐದಾದರೆ ಸಿಲಿಂಡರ್) ಮಬ್ಬು ಬೆಳಕಲ್ಲೂ ಉಗುರಿಗೆ ಸಿಗುತ್ತವೆ. ಜೊತೆಗೆ ಬಂದ ತಗಡಿನ ಸ್ಪ್ಯಾನರ್ ಮಾತ್ರ ಬಾಗಿಹೋಯಿತು, ಬೇರೆ ಕೊಳ್ಳುವುದೇ ವಾಸಿ. ಚೋಕ್ ಕ್ರಮೇಣ ಸಡಿಲವಾಗುತ್ತದೆ. ಸಡಿಲವಾದರೆ ಹಿಂಬದಿಯ ಅಂಚಿನ ಸಂದಿಗೆ ಗ್ಯಾಸ್ ನುಗ್ಗಿ, ಚರೆ ಬಡಿದು, ನಳಿಗೆಯ ತುದಿಯೇ ಉಬ್ಬಬಹುದು. ಸುಮಾರು 25 ಈಡಿಗೊಮ್ಮೆ ತೋಟಾ ತೆಗೆದು, ಕೋವಿ ಬಿಚ್ಚಿಟ್ಟು ಬಿಗಿ ನೋಡಿ. ಪ್ರತಿ ಬೇಟೆಯ ನಂತರ ಕಳಚಿ, ಥ್ರೆಡ್‌ನ ಮಸಿ ಮತ್ತು ಪ್ಲಾಸ್ಟಿಕ್ ಕರೆಯನ್ನು ಬ್ರಷ್‌ನಿಂದ ಉಜ್ಜಿ, ತೆಳುವಾಗಿ ಗ್ರೀಸ್ ಸವರಿ. ಚೋಕ್ ಇಲ್ಲದೆ ಎಂದೂ ಹೊಡೆಯಬೇಡಿ, ನಳಿಗೆಯ ಥ್ರೆಡ್ ಹಾಳಾಗುತ್ತದೆ.

ಕೊಳ್ಳುವಾಗ ಬೋರ್ ಜೊತೆಗೆ ಥ್ರೆಡ್‌ನ ಜಾತಿಯನ್ನೂ ಹೊಂದಿಸಿ ನೋಡಿ. ಬ್ರೌನಿಂಗ್ ಕಂಪನಿಯ ಎರಡು ಥ್ರೆಡ್‌ಗಳಾದ ಇನ್ವೆಕ್ಟರ್‌ಗೂ ಇನ್ವೆಕ್ಟರ್ ಪ್ಲಸ್‌ಗೂ ಹೆಸರು ಒಂದೇ ಥರ ಇದ್ದರೂ ಒಂದರದು ಇನ್ನೊಂದಕ್ಕೆ ಕೂರುವುದಿಲ್ಲ. ಬಿಡಿಯಾಗಿ ಸಿಗುವುದಾದರೆ ಐಸಿ, ಮಾಡಿಫೈಡ್ ಎರಡನ್ನೇ ಕೊಂಡು, ಉಳಿದ ದುಡ್ಡನ್ನು ಕಾಗದಕ್ಕೆ ಹೊಡೆಯುವ ತೋಟಾಗಳಿಗೆ ಹಾಕಿ.